ಸಂಪಾದಕರ ಉತ್ತರ: ಬಾಲ್ಕನಿಯಲ್ಲಿ ಕೂತವರು ಕಳೆದುಕೊಂಡದ್ದೇನು?

ಓದುಗರೊಬ್ಬರ ಪತ್ರದ ಸಾರ ಹೀಗಿದೆ: "ನಾನೂ ನನ್ನ ಗೆಳತಿಯೂ ಒಂದೇ ಸಂಜೆ ಒಂದೇ ವಾದ್ಯವೃಂದದ ಕಛೇರಿಗೆ ಹೋಗಿದ್ದೆವು. ಆಕೆ ಮೂರನೆಯ ಸಾಲಿನಲ್ಲಿದ್ದಳು. ನನಗೆ ಕೈಗೆಟುಕಿದ್ದು ಮೇಲಿನ ಬಾಲ್ಕನಿಯ ಟಿಕೆಟ್ಟು ಮಾತ್ರ. ಹೊರಬಂದ ಮೇಲೆ ಆಕೆ ಪಿಯಾನೊ ವಾದಕರ ಬೆರಳುಗಳನ್ನು, ತಂತಿಗೆ ಕಮಾನು ತಾಗುವ ಸದ್ದನ್ನು ಬಣ್ಣಿಸಿದಳು. ಎಲ್ಲ ವಾದ್ಯಗಳೂ ಒಂದಾಗಿ ತುಂಬಿಬಂದ ಬಗೆಯನ್ನು ನಾನು ಹೇಳಹೊರಟರೆ, ನೀನು ಕೇಳಿದ್ದು ಅರ್ಧ ಕಛೇರಿ ಎಂದುಬಿಟ್ಟಳು. ಮುಂದಿನ ಸಲ ಹಣ ಕೂಡಿಟ್ಟಾದರೂ ಮುಂದೆ ಕೂರಬೇಕೇ?"

ಖಂಡಿತ ಬೇಡ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರದಲ್ಲಿರುವ "ಮಾತ್ರ" ಎಂಬ ಪದ ನನ್ನನ್ನು ಸುಮ್ಮನಿರಗೊಡುತ್ತಿಲ್ಲ. ಸಂಗೀತವನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಂಡು ಬಂದವರು ತಾವು ಕೂತ ಜಾಗಕ್ಕಾಗಿ ನಾಚಿಕೊಳ್ಳುವುದು ಸರಿಯಲ್ಲ.

ಮುಂದೆ ಕೂತವರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ನುಡಿಸುವವರ ಮುಖ, ಉಸಿರು, ಒಬ್ಬರಿಗೊಬ್ಬರು ಕೊಡುವ ಕಣ್ಸನ್ನೆ ಅಲ್ಲಿ ಕಾಣಿಸುತ್ತವೆ, ಮತ್ತು ಕಾಣುವುದು ಕೇಳುವುದರ ಮೇಲೆ ಬೀರುವ ಪ್ರಭಾವ ದೊಡ್ಡದು. ಚಿಯಾ-ಜುಂಗ್ ತ್ಸಾಯ್ ಎಂಬ ಸಂಶೋಧಕಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿಯಾನೊ ಸ್ಪರ್ಧೆಗಳ ತುಣುಕುಗಳನ್ನು ಕೊಟ್ಟು ಗೆದ್ದವರು ಯಾರೆಂದು ಊಹಿಸಲು ಜನರನ್ನು ಕೇಳಲಾಗಿತ್ತು. ಧ್ವನಿಯೇ ಮುಖ್ಯವೆಂದು ಹೇಳಿದವರೂ, ಸಂಗೀತವನ್ನೇ ವೃತ್ತಿಯಾಗಿಸಿಕೊಂಡವರೂ, ಧ್ವನಿಯಿಲ್ಲದ ಬರಿಯ ದೃಶ್ಯವನ್ನು ನೋಡಿದಾಗಲೇ ಹೆಚ್ಚು ಸರಿಯಾಗಿ ಊಹಿಸಿದರು. ಇದನ್ನು ಮುಂದಿನ ಸಾಲಿನ ಪರವಾದ ಸಾಕ್ಷ್ಯವೆಂದು ಓದುವವರಿದ್ದಾರೆ. ನನಗೆ ಇದು ಎಚ್ಚರಿಕೆಯಾಗಿ ಕಾಣುತ್ತದೆ: ಕಣ್ಣಿಗೆ ಅಷ್ಟೊಂದು ಕೆಲಸ ಕೊಟ್ಟಾಗ ಕಿವಿ ತನ್ನ ಪಾಲಿನ ತೀರ್ಮಾನವನ್ನು ಕಣ್ಣಿಗೇ ಬಿಟ್ಟುಕೊಡುತ್ತದೆ.

ಕೆಲವು ವರ್ಷಗಳ ಹಿಂದೆ ಆಹ್ವಾನದ ಮೇಲೆ ಹೋಗಿದ್ದ ಕಛೇರಿಯೊಂದರಲ್ಲಿ ನನ್ನನ್ನು ಮೊದಲ ಸಾಲಿನ ಎಡತುದಿಯಲ್ಲಿ ಕೂರಿಸಿದರು. ನನ್ನ ಕಣ್ಣ ಮಟ್ಟದಲ್ಲಿ ವೇದಿಕೆಯ ಅಂಚು, ಅದರಾಚೆ ವಾದಕರ ಬೂಟುಗಳು. ಹತ್ತಿರದ ನಾಲ್ಕಾರು ಪಿಟೀಲುಗಳು ಒಂದೊಂದಾಗಿ, ಬಿಡಿಬಿಡಿಯಾಗಿ ಕೇಳುತ್ತಿದ್ದವು; ಅವುಗಳ ಹಿಂದಿದ್ದ ಓಬೊ ಮತ್ತು ಕ್ಲಾರಿನೆಟ್ ಪಕ್ಕದ ಮನೆಯಲ್ಲಿದ್ದಂತೆ ಮಂಕಾಗಿದ್ದವು. ಬಲತುದಿಯ ಡಬಲ್ ಬಾಸ್‌ಗಳ ಕಮಾನು ಆಡುವುದು ಕಾಣುತ್ತಿತ್ತೇ ಹೊರತು ನಾದ ನನ್ನನ್ನು ಸರಿಯಾಗಿ ಮುಟ್ಟುತ್ತಿರಲಿಲ್ಲ. ವಿರಾಮದ ನಂತರ ಮೇಲಿನ ಬಾಲ್ಕನಿಯಲ್ಲಿ ಖಾಲಿಯಿದ್ದ ಒಂದು ಆಸನಕ್ಕೆ ಹೋದೆ. ಅದೇ ವಾದಕರು, ಅದೇ ಸಂಜೆ. ಆದರೆ ಸಂಯೋಜಕ ಯಾವ ವಾದ್ಯವನ್ನು ಯಾವುದರ ಮೇಲೆ ಏಕೆ ಇಟ್ಟಿದ್ದಾನೆಂಬುದು ಆಗಷ್ಟೇ ತಿಳಿಯಿತು.

ಇದು ಅಭಿರುಚಿಯ ಮಾತಷ್ಟೇ ಅಲ್ಲ, ಇದಕ್ಕೆ ಸ್ಪಷ್ಟ ಕಾರಣಗಳಿವೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವಾದ್ಯದಿಂದ ನೇರವಾಗಿ ಬಂದ ಸದ್ದಿನ ಬೆನ್ನಿಗೇ ಗೋಡೆ, ಚಾವಣಿಗಳಿಗೆ ತಾಗಿ ಮರಳಿದ ಸದ್ದು ಬರುತ್ತದೆ. ಅದು ಸೆಕೆಂಡಿನ ಹನ್ನೆರಡನೆಯ ಒಂದು ಭಾಗದೊಳಗೆ ಬಂದರೆ ಕಿವಿ ಅದನ್ನು ಬೇರೆಯೆಂದು ಗುರುತಿಸದೆ ಮೂಲ ನಾದಕ್ಕೇ ಸೇರಿಸಿಕೊಂಡು, ಅದನ್ನು ಇನ್ನಷ್ಟು ತುಂಬಿದ್ದಾಗಿ ಕೇಳುತ್ತದೆ. ದೊಡ್ಡ ಸಭಾಂಗಣದಲ್ಲಿ ವಾದ್ಯದಿಂದ ಐದಾರು ಮೀಟರ್ ದಾಟಿದ ಮೇಲೆ, ಹೀಗೆ ಮರಳಿ ಬಂದ ಸದ್ದಿನ ಪಾಲೇ ನೇರ ಸದ್ದಿಗಿಂತ ಹೆಚ್ಚಾಗುತ್ತದೆ. ಅಂದರೆ ನಿಮ್ಮ ಗೆಳತಿ ಕೇಳಿದ್ದು ಬಹುಮಟ್ಟಿಗೆ ವಾದ್ಯಗಳನ್ನು. ನೀವು ಕೇಳಿದ್ದು ಆ ವಾದ್ಯಗಳು ಸಭಾಂಗಣದೊಡನೆ ಕೂಡಿ ಹುಟ್ಟಿಸಿದ ನಾದವನ್ನು. ವಾದ್ಯವೃಂದಕ್ಕಾಗಿ ಬರೆದ ಸಂಗೀತ ಈ ಎರಡನೆಯದನ್ನೇ ನೆಚ್ಚಿಕೊಂಡದ್ದು. 1870ರಲ್ಲಿ ತೆರೆದ ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣ ಇಂದಿಗೂ ಹೊಗಳಿಸಿಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ, ಸುಮಾರು 19 ಮೀಟರ್ ಅಗಲದ ಆ ಉದ್ದನೆಯ ಕೋಣೆಯ ಪಕ್ಕದ ಗೋಡೆಗಳು ನಾದವನ್ನು ಎರಡೂ ಬದಿಯಿಂದ ಕೇಳುಗರಿಗೆ ಬೇಗನೆ ಮರಳಿಸುವುದು. ಅದೇ ಸಭಾಂಗಣದ ಹಿಂಭಾಗದಲ್ಲಿ ಅಗ್ಗದ ಟಿಕೆಟ್ಟು ಕೊಂಡು ನಿಂತು ಕೇಳುವವರಿಗೂ ಜಾಗವಿದೆ.

ಕೇಳುಗರ ಮೈಯೂ ಸಭಾಂಗಣದ ಒಂದು ಭಾಗವೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವಾಲೇಸ್ ಸೇಬಿನ್ 1895ರಿಂದ ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಒಂದು ಉಪನ್ಯಾಸ ಕೊಠಡಿಗೆ ಸಾಗಿಸಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ, ಎಷ್ಟು ಮೆತ್ತೆಗಳಿದ್ದರೆ ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆದ. ಕೂತ ಮನುಷ್ಯನೂ ಮೆತ್ತೆಯಂತೆಯೇ ಸದ್ದನ್ನು ಹೀರುತ್ತಾನೆಂಬುದನ್ನು ಲೆಕ್ಕಕ್ಕೆ ತಂದ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಆ ಲೆಕ್ಕದ ಫಲ. ಮುಂದೆ 1964ರಲ್ಲಿ ಪ್ರಕಟವಾದ ಅಳತೆಗಳು ಇನ್ನೊಂದು ಸಂಗತಿಯನ್ನು ತೋರಿಸಿದವು. ಆಸನಗಳ ಸಾಲುಗಳನ್ನು ಸವರಿಕೊಂಡು ಸಾಗುವ ಸದ್ದಿನಲ್ಲಿ ಸುಮಾರು 100ರಿಂದ 300 ಹರ್ಟ್ಸ್ ಆಸುಪಾಸಿನ ಮಂದ್ರ ನಾದ ಗಮನಾರ್ಹವಾಗಿ ಕುಗ್ಗುತ್ತದೆ. ಸಮತಟ್ಟಾದ ನೆಲದಲ್ಲಿ ಕೂತವರಿಗೆ ಈ ನಷ್ಟ ಹೆಚ್ಚು. ಮೇಲಿನಿಂದ ಇಳಿನೋಟದಲ್ಲಿ ವೇದಿಕೆಯನ್ನು ಕಾಣುವವರಿಗೆ ಸದ್ದು ತಲೆಗಳನ್ನು ಸವರದೆ ನೇರವಾಗಿ ಬರುತ್ತದೆ. ಸೆಲ್ಲೊದಂಥ ಮಂದ್ರ ತಂತಿವಾದ್ಯಗಳೂ ನಿಮಗೆ ತುಂಬಿ ಕೇಳಿದ್ದು ಭ್ರಮೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗೆಂದು ಹಿಂದಿನ ಜಾಗವೆಲ್ಲ ಒಳ್ಳೆಯದಲ್ಲ. ಬಾಲ್ಕನಿಯ ಅಡಿಯಲ್ಲಿ, ತಗ್ಗಿದ ಚಾವಣಿಯ ಕೆಳಗೆ ಆಳದಲ್ಲಿರುವ ಸಾಲುಗಳಿಗೆ ಮೇಲಿನಿಂದ ಬರಬೇಕಾದ ನಾದ ತಲುಪುವುದೇ ಇಲ್ಲ. ಅಲ್ಲಿ ಕೂತರೆ ಕಛೇರಿಯನ್ನು ಕಿಟಕಿಯಾಚೆಯಿಂದ ಕೇಳಿದಂತಾಗುತ್ತದೆ. ವಾದ್ಯವೃಂದದ ಹಿಂದೆ ಕೂರುವ ಏರ್ಪಾಡು 1963ರ ಬರ್ಲಿನ್ ಫಿಲ್‌ಹಾರ್ಮೊನಿಯಿಂದ ಪ್ರಸಿದ್ಧವಾಯಿತು. ವಾಸ್ತುಶಿಲ್ಪಿ ಹಾನ್ಸ್ ಶರೂನ್ ವೇದಿಕೆಯ ಸುತ್ತಲೂ ಕೇಳುಗರನ್ನು ಕೂರಿಸಿದ ಆ ಸಭಾಂಗಣದಲ್ಲಿ ವಾದ್ಯವೃಂದದ ನಿರ್ದೇಶಕನ ಮುಖವನ್ನು ವಾದಕರಂತೆಯೇ ನೋಡಬಹುದು, ತಾಳವಾದ್ಯಗಳನ್ನು ಬಲು ಹತ್ತಿರದಿಂದ ಕೇಳಬಹುದು. ಆದರೆ ಕಂಠ ತನ್ನ ತಾರ ನಾದವನ್ನೂ ವ್ಯಂಜನಗಳನ್ನೂ ಮುಂದಕ್ಕೇ ಎಸೆಯುತ್ತದಾದ್ದರಿಂದ ಹಾಡುಗಾರಿಕೆಯಿರುವ ದಿನ ಆ ಜಾಗವನ್ನು ಆರಿಸಬಾರದು. ಪಿಯಾನೊ ಕಛೇರಿಯಲ್ಲಿ ಬೆರಳು ನೋಡಲೆಂದು ಎಡಗಡೆಗೆ ಮುಗಿಬೀಳುವವರೂ ಅರಿತಿರಬೇಕಾದ ಸಂಗತಿಯೊಂದಿದೆ: ತೆರೆದ ಮುಚ್ಚಳ ನಾದವನ್ನು ಬಲಕ್ಕೆ ಮತ್ತು ನಡುಭಾಗಕ್ಕೆ ತಿರುಗಿಸುತ್ತದೆ.

ಧ್ವನಿವರ್ಧಕಗಳ ಮೂಲಕ ನಡೆಯುವ ಕಛೇರಿಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಧ್ವನಿಯನ್ನು ಹದಗೊಳಿಸುವ ತಂತ್ರಜ್ಞ ಯಾವ ಮೇಜಿನ ಹಿಂದೆ ಕೂತಿರುತ್ತಾನೋ ಆ ಆಸುಪಾಸೇ ಉತ್ತಮ ಜಾಗ, ಏಕೆಂದರೆ ಆತ ತನ್ನ ಕಿವಿಗೆ ಒಪ್ಪುವಂತೆ ಎಲ್ಲವನ್ನೂ ಹೊಂದಿಸಿರುತ್ತಾನೆ. ವೇದಿಕೆಗೆ ಅಂಟಿಕೊಂಡಂತೆ ಕೂತವರಿಗೆ, ಮೇಲೆ ತೂಗುಹಾಕಿದ ಧ್ವನಿವರ್ಧಕಗಳು ತಲೆಯ ಮೇಲಿಂದ ಹಾಯ್ದುಹೋಗಿ, ಡ್ರಮ್ಮಿನ ಹಸಿ ಸದ್ದಷ್ಟೇ ದಕ್ಕುವುದುಂಟು.

ಇಷ್ಟೆಲ್ಲ ತಿಳಿದಿದ್ದರೂ ಟಿಕೆಟ್ಟಿನ ದರ ಮಾತ್ರ ಬಹುತೇಕ ಕಡೆ ವೇದಿಕೆಯಿಂದಿರುವ ದೂರವನ್ನೇ ಅಳೆಯುತ್ತದೆ. ನಾವು ಕೊಳ್ಳುತ್ತಿರುವುದು ನೋಟವನ್ನು, ಅದಕ್ಕಿಂತ ಹೆಚ್ಚಾಗಿ ಪ್ರತಿಷ್ಠೆಯನ್ನು. ಮೊದಲ ಸಾಲುಗಳನ್ನು ಗಣ್ಯರಿಗೆ ಮೀಸಲಿಟ್ಟು, ಅವರು ಅರ್ಧದಲ್ಲೇ ಎದ್ದುಹೋದಾಗ ಖಾಲಿ ಕುರ್ಚಿಗಳ ಎದುರು ಕಲಾವಿದರು ನುಡಿಸಬೇಕಾಗಿ ಬರುವುದನ್ನು ಕಂಡು ನಾನು ಮತ್ತೆ ಮತ್ತೆ ನೊಂದಿದ್ದೇನೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯುವ ಪ್ರಾಮ್ಸ್ ಉತ್ಸವದ ಕ್ರಮ ಇದಕ್ಕೆ ತಕ್ಕ ಉತ್ತರ: ವೇದಿಕೆಯ ಮುಂದಿನ ಅಂಗಳ, ಎಲ್ಲಕ್ಕಿಂತ ಮೇಲಿನ ಗ್ಯಾಲರಿ, ಈ ಎರಡನ್ನೂ ಅಗ್ಗದ ದರದಲ್ಲಿ ನಿಂತು ಕೇಳುವವರಿಗೆ ಬಿಟ್ಟಿದ್ದಾರೆ.

ಕಟ್ಟುವವರ ಆಸೆಬುರುಕತನ ಇನ್ನೂ ದೊಡ್ಡ ತೊಂದರೆ. 1962ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಫಿಲ್‌ಹಾರ್ಮೊನಿಕ್ ಹಾಲ್‌ನಲ್ಲಿ, ಧ್ವನಿತಜ್ಞರು ಒಪ್ಪಿದ್ದ ಮೊದಲ ವಿನ್ಯಾಸವನ್ನು ಹೆಚ್ಚು ಆಸನಗಳಿಗಾಗಿ ಬದಲಿಸಿದರು. ನಾದ ಕೆಟ್ಟಿತೆಂಬ ದೂರು ನಿಲ್ಲಲಿಲ್ಲ. 1976ರಲ್ಲಿ ಒಳಾಂಗಣವನ್ನು ಕಿತ್ತು ಮತ್ತೆ ಕಟ್ಟಬೇಕಾಯಿತು. 2022ರಲ್ಲಿ ಇನ್ನೊಮ್ಮೆ ಕಟ್ಟಿದಾಗ 500ಕ್ಕೂ ಹೆಚ್ಚು ಆಸನಗಳನ್ನು ಕೈಬಿಟ್ಟು, ವೇದಿಕೆಯನ್ನೇ ಕೇಳುಗರ ನಡುವಿಗೆ ತಂದರು. ಅರವತ್ತು ವರ್ಷ ಅಲ್ಲಿ ಟಿಕೆಟ್ಟು ಕೊಂಡವರಿಗೆ ಯಾವ ಕುರ್ಚಿಯಲ್ಲಿ ಏನು ಕೇಳಿಸುತ್ತದೆಂದು ಮುಂಚಿತವಾಗಿ ಹೇಳಿದವರು ಯಾರು? ಕಂಬದ ಹಿಂದಿನ ಆಸನಕ್ಕೆ ನೋಟಕ್ಕೆ ಅಡ್ಡಿಯಿದೆ ಎಂದು ಬರೆಯುವವರು, ಬಾಲ್ಕನಿಯ ಅಡಿಯ ಆಸನಕ್ಕೆ ನಾದಕ್ಕೆ ಅಡ್ಡಿಯಿದೆ ಎಂದು ನಕ್ಷೆಯಲ್ಲಿ ಏಕೆ ಬರೆಯುವುದಿಲ್ಲ?

ಅದನ್ನು ಅವರು ಬರೆಯುವವರೆಗೆ ನೀವೇ ಗೊತ್ತುಮಾಡಿಕೊಳ್ಳಬೇಕು. ಮುಂದಿನ ಸಲವೂ ಬಾಲ್ಕನಿಯನ್ನೇ ಕೇಳಿ, ಆದಷ್ಟು ನಡುಭಾಗದಲ್ಲಿ, ಆದಷ್ಟು ಮೊದಲ ಸಾಲುಗಳಲ್ಲಿ. ಮೇಲೆ ಇನ್ನೊಂದು ಬಾಲ್ಕನಿ ಚಾಚಿಕೊಂಡಿದೆಯೇ ಎಂದು ಟಿಕೆಟ್ಟು ಕೊಡುವವರನ್ನು ವಿಚಾರಿಸಿ. ಮುಂದಿನ ಸಾಲಿಗೆಂದು ಕೂಡಿಡಬೇಕೆಂದಿದ್ದ ಹಣದಲ್ಲಿ ಅದೇ ಕಾರ್ಯಕ್ರಮ ಮರುದಿನವೂ ಇದ್ದರೆ ಎರಡನೆಯ ಸಲ ಹೋಗಿ, ಬೇರೊಂದು ಬದಿಯಲ್ಲಿ ಕೂತು ಕೇಳಿ.