ಸ್ಪೀಕರಿನ ಗುಂಯ್ ಸದ್ದಿಗೆ ಸೌಂಡ್ ಕಾರ್ಡ್ ಹಾಕಿಸಬೇಕಾ?

ನೀವು ಕೇಳಿರುವುದು ಇಷ್ಟು: ಐದು ವರ್ಷದ ಡೆಸ್ಕ್‌ಟಾಪ್, ಅದಕ್ಕೊಂದು 2.1 ಸ್ಪೀಕರ್. ಹಾಡು ನಿಲ್ಲಿಸಿದರೂ ಗುಂಯ್ ಅನ್ನುತ್ತದೆ, ಮೌಸ್ ಅಲ್ಲಾಡಿಸಿದರೆ ಚಿರ್ ಚಿರ್ ಅಂತ ಕೇಳುತ್ತದೆ. ಐದು ಸಾವಿರ ಎತ್ತಿಟ್ಟಿದ್ದೀರಿ, ಸೌಂಡ್ ಕಾರ್ಡ್ (ಸದ್ದಿನ ಕೆಲಸಕ್ಕೆಂದೇ ಕಂಪ್ಯೂಟರಿನ ಒಳಗೆ ಕೂರಿಸುವ ಬೇರೆ ಕಾರ್ಡು) ಹಾಕಿಸಲಾ ಅಂತ ಪ್ರಶ್ನೆ. ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ, ಅಜ್ಜನ ಹಳೆಯ ಕ್ಯಾಸೆಟ್‌ಗಳನ್ನೂ ಕಂಪ್ಯೂಟರಿಗೆ ಇಳಿಸಬೇಕು ಅಂತ. ನನ್ನ ಲೆಕ್ಕದಲ್ಲಿ ನಿಮ್ಮ ಪ್ರಶ್ನೆಯ ತಿರುಳು ಆ ಕೊನೆಯ ಸಾಲಿನಲ್ಲೇ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಕಥೆ. ನನಗೂ ಇದೇ ಗುಂಯ್ ಕಾಟ ಇತ್ತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಹೆಚ್ಚು ವಿಚಾರಿಸದೆ ಒಂದು ಕಾರ್ಡ್ ತಂದೆ. ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿದರೆ ಅದು ಕೂರುವ ಜಾಗವೇ ಇಲ್ಲ! ತಂದಿದ್ದು ಹಳೆಯ ಪಿಸಿಐ ಮಾದರಿಯ ಕಾರ್ಡ್, ನನ್ನ ಮದರ್‌ಬೋರ್ಡಿನಲ್ಲಿ ಇದ್ದದ್ದು ಪಿಸಿಐ ಎಕ್ಸ್‌ಪ್ರೆಸ್ ಅನ್ನುವ ಹೊಸ ಮಾದರಿಯ ಸ್ಲಾಟ್ ಮಾತ್ರ. ಮರುದಿನ ಮತ್ತೆ ಬಸ್ಸು ಹತ್ತಿ ಹೋಗಿ, ಮೇಲೆ ಅಷ್ಟು ದುಡ್ಡು ಕೊಟ್ಟು ಬದಲಾಯಿಸಿ ತಂದೆ. ಹಾಕಿದೆ, ಡ್ರೈವರ್ ಇಳಿಸಿದೆ, ಸ್ಪೀಕರ್ ಹಚ್ಚಿದೆ. ಗುಂಯ್ ಹಾಗೇ ಇದೆ, ಒಂದು ಚೂರೂ ಕಮ್ಮಿ ಆಗಿಲ್ಲ.

ಕೆಲವು ವಾರದ ಮೇಲೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದಿತು. ಟೆಸ್ಟರ್ ಇಟ್ಟರೆ ದೀಪ ಉರಿಯಿತು. ಎಲೆಕ್ಟ್ರಿಷಿಯನ್ ಬಂದು ಗೋಡೆಯ ಸಾಕೆಟ್ ಬಿಚ್ಚಿದರು. ಮೂರು ತೂತಿನ ಸಾಕೆಟ್ಟೇ, ಆದರೆ ಮೇಲಿನ ದೊಡ್ಡ ತೂತಿಗೆ ವೈರೇ ಸಿಕ್ಕಿಸಿರಲಿಲ್ಲ. ಅರ್ತಿಂಗ್ ಇಲ್ಲ. ಅವರು ಆ ವೈರ್ ಜೋಡಿಸಿದ ಕ್ಷಣ ಗುಂಯ್ ನಿಂತಿತು.

ಯಾಕೆ ಅಂತ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಅದಕ್ಕೆ ಕರೆಂಟು ಒದಗಿಸುವ ಡಬ್ಬಿಯ ಒಳಗೆ ಕರೆಂಟಿನ ಗಲೀಜನ್ನು ಸೋಸುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವು ಸೋಸಿದ್ದನ್ನು ಅರ್ತ್ ವೈರಿಗೆ ಬಿಡಬೇಕು. ಅರ್ತ್ ಇಲ್ಲದಿದ್ದರೆ ಆ ಸೋರುವ ಕರೆಂಟು ಕ್ಯಾಬಿನೆಟ್ಟಿನ ಮೈಯಲ್ಲೇ ನಿಲ್ಲುತ್ತದೆ. ಆಮೇಲೆ ಆಡಿಯೋ ಕೇಬಲ್ಲಿನ ಹೊರಹೊದಿಕೆಯ ಮೂಲಕ ಸ್ಪೀಕರ್ ಕಡೆಗೆ ದಾರಿ ಹುಡುಕಿಕೊಳ್ಳುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಆದ್ದರಿಂದ ಕಿವಿಗೆ ಅದು ದಪ್ಪ ದನಿಯ ಗುಂಯ್ ಆಗಿ ಕೇಳುತ್ತದೆ. ಇದರಲ್ಲಿ ಮದರ್‌ಬೋರ್ಡಿನ ಆಡಿಯೋ ಚಿಪ್ ಮಾಡಿದ ತಪ್ಪೇನೂ ಇಲ್ಲ. ಹಾಗಿರುವಾಗ ಚಿಪ್ ಬದಲಾಯಿಸಿದರೆ ಏನಾದೀತು ಹೇಳಿ.

ಹಾಗಾಗಿ ದುಡ್ಡು ಬಿಚ್ಚುವ ಮೊದಲು ಇವತ್ತು ಸಂಜೆ ಒಂದು ಕೆಲಸ ಮಾಡಿ. ಸ್ಪೀಕರಿನ ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತು ಮೊಬೈಲಿಗೆ ಹಾಕಿ. ಮೊಬೈಲ್ ಚಾರ್ಜಿಗೆ ಇಟ್ಟಿರಬಾರದು. ಆಗಲೂ ಗುಂಯ್ ಅಂದರೆ ರೋಗ ಸ್ಪೀಕರಿನದೇ, ಕಂಪ್ಯೂಟರಿಗೆ ಏನು ಮಾಡಿದರೂ ಪ್ರಯೋಜನವಿಲ್ಲ. ಸದ್ದಿಲ್ಲದಿದ್ದರೆ ಇಯರ್‌ಫೋನ್ ತಗೊಂಡು ಕಂಪ್ಯೂಟರಿನ ಹಿಂದಿನ ಹಸಿರು ಜಾಕಿಗೆ ಹಾಕಿ ಕೇಳಿ. ಇಲ್ಲಿ ನಿಶ್ಶಬ್ದ, ಸ್ಪೀಕರ್ ಹಾಕಿದರೆ ಮಾತ್ರ ಗುಂಯ್ ಅಂತಾದರೆ, ಅದು ಅರ್ತಿಂಗ್ ಅಥವಾ ಗ್ರೌಂಡ್ ಲೂಪಿನ ತೊಂದರೆ. ಗ್ರೌಂಡ್ ಲೂಪ್ ಅಂದರೆ ಕಂಪ್ಯೂಟರ್ ಒಂದು ಕಡೆ ಅರ್ತ್ ಆಗಿ, ಆಂಪ್ಲಿಫೈಯರ್ರೋ ಕೇಬಲ್ ಟಿವಿಯ ವೈರೋ ಇನ್ನೊಂದು ಕಡೆ ಅರ್ತ್ ಆಗಿ, ಎರಡರ ನಡುವೆ ಆಡಿಯೋ ಕೇಬಲ್ಲಿನಲ್ಲಿ ಕರೆಂಟು ಸುತ್ತುವುದು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಕಮ್ಮಿಯಾಗುತ್ತದೆ. ಆಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಬೆರಳುದ್ದದ ಒಂದು ಡಬ್ಬಿ ಸಿಗುತ್ತದೆ, ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು. ಅಗ್ಗದ ಡಬ್ಬಿಯಲ್ಲಿ ಕೆಳದನಿ ಸ್ವಲ್ಪ ಸೊರಗುತ್ತದೆ, ಆದರೂ ಗುಂಯ್‌ಗಿಂತ ವಾಸಿ.

ಪ್ಲಗ್ಗಿನ ದಪ್ಪ ಪಿನ್ ಮುರಿದುಬಿಡಿ, ಸದ್ದು ಹೋಗುತ್ತದೆ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅದು ಅರ್ತ್ ಪಿನ್, ಮುರಿದರೆ ಲೂಪ್ ತುಂಡಾಗಿ ಸದ್ದು ಹೋಗಲೂಬಹುದು. ಆದರೆ ಒಳಗೆ ಏನಾದರೂ ಕೆಟ್ಟ ದಿನ ಕ್ಯಾಬಿನೆಟ್ ಮುಟ್ಟಿದವರ ಜೀವವೂ ಹೋಗಬಹುದು. ದಯವಿಟ್ಟು ಆ ಕೆಲಸ ಮಾಡಬೇಡಿ.

ಇನ್ನೊಂದು, ಕರೆಂಟು ಹೋಗಿ ಇನ್ವರ್ಟರ್ ಹಿಡಿದಾಗ ಮಾತ್ರ ಸದ್ದು ಜಾಸ್ತಿಯಾಗುತ್ತದಾ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಫ್ಯಾನ್ ಕೂಡ ಗೊರಗೊರ ಅನ್ನುತ್ತದಲ್ಲ, ಸ್ಪೀಕರಿನಲ್ಲೂ ಅದೇ ಕಥೆ. ಅದಕ್ಕೆ ಸೈನ್ ವೇವ್ ಇನ್ವರ್ಟರೇ ಬೇಕು.

ಮೌಸ್ ಅಲ್ಲಾಡಿಸಿದಾಗ ಬರುವ ಚಿರ್ ಚಿರ್ ಬೇರೆ ಜಾತಿಯದು. ಅದು ಕಂಪ್ಯೂಟರಿನ ಒಳಗಿನದು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಕ್ಷಣಕ್ಷಣಕ್ಕೂ ಕರೆಂಟು ಹೀರುವುದು ಏರಿಳಿಯುತ್ತದೆ, ಆ ಏರಿಳಿತ ಆಡಿಯೋ ದಾರಿಗೆ ನುಸುಳುತ್ತದೆ. ಕ್ಯಾಬಿನೆಟ್ಟಿನ ಮುಂದಿನ ಜಾಕ್ ಬಳಸುತ್ತಿದ್ದರೆ ಮೊದಲು ಹಿಂದಿನದಕ್ಕೆ ಬದಲಾಯಿಸಿ. ಮುಂದಿನ ಜಾಕಿಗೆ ಹೋಗುವ ತೆಳ್ಳನೆಯ ವೈರ್ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಹಾದುಹೋಗುತ್ತದೆ, ದಾರಿಯಲ್ಲಿ ಸಿಕ್ಕ ಕಸವನ್ನೆಲ್ಲ ಹೊತ್ತು ತರುತ್ತದೆ. ಸ್ಪೀಕರಿಗೆ ಕರೆಂಟನ್ನೂ ಯುಎಸ್‌ಬಿಯಿಂದಲೇ ಕೊಟ್ಟಿದ್ದರೆ ಆ ಯುಎಸ್‌ಬಿ ಪಿನ್ನನ್ನು ಮೊಬೈಲ್ ಚಾರ್ಜರಿಗೆ ಹಾಕಿ ನೋಡಿ. ನನ್ನ ತಂಗಿಯ ಮನೆಯಲ್ಲಿ ಅಷ್ಟಕ್ಕೇ ಸರಿಹೋಯಿತು.

ವಿಂಡೋಸಿನಲ್ಲಿ ಎರಡು ಜಾಗ ನೋಡಿ. ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ಮೈಕಿಗೆ ‘ಲಿಸನ್ ಟು ದಿಸ್ ಡಿವೈಸ್’ ಅಂತ ಟಿಕ್ ಬಿದ್ದಿದ್ದರೆ ತೆಗೆಯಿರಿ, ಮೈಕಿನ ಸದ್ದೆಲ್ಲ ಸ್ಪೀಕರಿಗೆ ಬರುತ್ತಿರುತ್ತದೆ. ಆಮೇಲೆ ವಾಲ್ಯೂಮ್. ತುಂಬಾ ಜನ ಕಂಪ್ಯೂಟರಿನಲ್ಲಿ 20 ಇಟ್ಟು ಸ್ಪೀಕರಿನ ತಿರುಗಣೆಯನ್ನು ಪೂರ್ತಿ ತಿರುಗಿಸಿರುತ್ತಾರೆ. ಇದು ಉಲ್ಟಾ. ಕಂಪ್ಯೂಟರಿನಲ್ಲಿ 80-90 ಇಡಿ, ಸ್ಪೀಕರಿನಲ್ಲಿ ಬೇಕಾದಷ್ಟೇ ಏರಿಸಿ. ಹಾಡು ಜೋರಾಗಿ ಬಂದು ಕಸ ಕಮ್ಮಿ ಹಿಗ್ಗುತ್ತದೆ. ಖರ್ಚು ಸೊನ್ನೆ.

ಇಷ್ಟೆಲ್ಲ ಆದಮೇಲೂ ಹಿಂದಿನ ಜಾಕಿನಲ್ಲಿ, ಇಯರ್‌ಫೋನಿನಲ್ಲೇ ಚಿರ್ ಚಿರ್ ಉಳಿದರೆ, ಆಗ ಹೊಸ ಹಾರ್ಡ್‌ವೇರ್ ವಿಚಾರ ಮಾಡಬಹುದು.

ಒಂದು ಕಾಲದಲ್ಲಿ ಕಾರ್ಡ್ ಇಲ್ಲದೆ ಕಂಪ್ಯೂಟರಿಗೆ ಬಾಯೇ ಇರಲಿಲ್ಲ, ಬರೀ ಬೀಪ್. 1987ರಲ್ಲಿ ಆಡ್‌ಲಿಬ್ ಕಾರ್ಡ್ ಬಂತು, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂತು. ಸೌಂಡ್ ಕಾರ್ಡ್ ಅಂದರೆ ಸೌಂಡ್ ಬ್ಲಾಸ್ಟರ್ ಅನ್ನುವಷ್ಟು ಹೆಸರಾಯಿತು. ಆಮೇಲೆ ಇಂಟೆಲ್ 1997ರಲ್ಲಿ ಎಸಿ 97, 2004ರಲ್ಲಿ ಹೈ ಡೆಫಿನಿಷನ್ ಆಡಿಯೋ ಅಂತ ಮಾನದಂಡಗಳನ್ನು ತಂದಿತು. ಮದರ್‌ಬೋರ್ಡಿನ ಮೂಲೆಯ ಸಣ್ಣ ಚಿಪ್ಪೇ ಎಲ್ಲ ಕೆಲಸ ಮಾಡತೊಡಗಿತು. ವಿಂಡೋಸ್ ವಿಸ್ಟಾ ಬಂದಾಗ ಗೇಮಿನ ಸದ್ದಿಗೆ ಕಾರ್ಡ್ ನೇರವಾಗಿ ಕೊಡುತ್ತಿದ್ದ ಸಹಾಯದ ದಾರಿಯನ್ನೂ ಮುಚ್ಚಿದರು. ಅಲ್ಲಿಗೆ ಕಾರ್ಡುಗಳ ದರ್ಬಾರು ಮುಗಿಯಿತು.

ಈಗ ಅಂಕಿ ನೋಡಿ. ಸದ್ದಿಗೂ ಹಿನ್ನೆಲೆಯ ಕಸಕ್ಕೂ ಇರುವ ಅಂತರವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು. 16 ಬಿಟ್‌ನ ಸಿ.ಡಿ.ಗೆ ಸುಮಾರು 96 ಡೆಸಿಬಲ್ ಸಾಕು. ಸ್ವಲ್ಪ ದುಬಾರಿ ಮದರ್‌ಬೋರ್ಡುಗಳಲ್ಲಿ ಬರುವ ರಿಯಲ್‌ಟೆಕ್ ಎಎಲ್‌ಸಿ 1220 ಚಿಪ್ಪಿಗೆ ಕಾಗದದ ಮೇಲೆ 120. ಅಗ್ಗದ ಸೌಂಡ್ ಬ್ಲಾಸ್ಟರ್ ಆಡಿಜಿ ಎಫ್‌ಎಕ್ಸ್ ಕಾರ್ಡಿಗೆ 106. ಅಂದರೆ ಬೋರ್ಡಿನಲ್ಲಿ ಇರುವುದಕ್ಕಿಂತ ಕಮ್ಮಿಯದನ್ನು ದುಡ್ಡು ಕೊಟ್ಟು ತರುವ ಸಾಧ್ಯತೆಯೂ ಇದೆ! ಹಾಗಂತ ಕಾಗದದ 120 ನಿಮ್ಮ ಜಾಕಿನ ತನಕ ಉಳಿಯುತ್ತದೆ ಅಂತಲ್ಲ, ಬೋರ್ಡಿನಲ್ಲಿ ತಂತಿದಾರಿ ಹೇಗೆ ಎಳೆದಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ. ಆದರೆ ಕಾರ್ಡ್ ಕೂಡ ಅದೇ ಕ್ಯಾಬಿನೆಟ್ಟಿನಲ್ಲಿ, ಅದೇ ಎಸ್‌ಎಂಪಿಎಸ್ಸಿನ ಕರೆಂಟು ಕುಡಿಯುತ್ತಾ, ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಕೂರುತ್ತದೆ ಅನ್ನುವುದು ನೆನಪಿರಲಿ.

ಹಾಗಾಗಿ ಬರೀ ಹಾಡು ಕೇಳುವುದಕ್ಕಾದರೆ ನಾನು ಒಳಗಿನ ಕಾರ್ಡಿಗಿಂತ ಹೊರಗಿನ ಯುಎಸ್‌ಬಿ ಡ್ಯಾಕ್ ಕಡೆಗೆ ವಾಲುತ್ತೇನೆ. ಡ್ಯಾಕ್ ಅಂದರೆ ಕಂಪ್ಯೂಟರಿನ ಅಂಕಿಯನ್ನು ಸದ್ದಾಗಿ ಮಾಡುವ ಸಾಧನ, ಇಲ್ಲಿ ಆ ಕೆಲಸ ಕ್ಯಾಬಿನೆಟ್ಟಿನ ಗದ್ದಲದಿಂದ ಹೊರಗೆ ನಡೆಯುತ್ತದೆ. ಹೆಬ್ಬೆರಳಿನಷ್ಟು ಇರುವ, ಮೊಬೈಲಿಗೆ ಹಾಕುವ ಯುಎಸ್‌ಬಿ ಸಿ ಇಯರ್‌ಫೋನ್ ಅಡಾಪ್ಟರ್ ಕೂಡ ಸಾಮಾನ್ಯವಾಗಿ ಒಂದು ಡ್ಯಾಕೇ. ಅಂಥದ್ದು ಮನೆಯಲ್ಲಿದ್ದರೆ ಹಾಕಿ ನೋಡಿ, ಚಿರ್ ಚಿರ್ ಹೋದರೆ ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಯುಎಸ್‌ಬಿಯಲ್ಲೂ ಗ್ರೌಂಡ್ ವೈರ್ ಇರುತ್ತದೆ, ಹಾಗಾಗಿ ಗ್ರೌಂಡ್ ಲೂಪಿಗೆ ಇದು ಮದ್ದಲ್ಲ. ಅದನ್ನು ಪೂರ್ತಿ ಕತ್ತರಿಸುವುದು ಆಪ್ಟಿಕಲ್ ಕೇಬಲ್. ಅದರಲ್ಲಿ ಹೋಗುವುದು ಬೆಳಕು, ಕರೆಂಟಲ್ಲ. ನಿಮ್ಮ ಬೋರ್ಡಿನ ಹಿಂದೆ ಕೆಂಪು ಬೆಳಕು ಕಾಣುವ ಚೌಕದ ಕಿಂಡಿ ಇದ್ದರೆ ನೀವು ಅದೃಷ್ಟವಂತರು.

ದೊಡ್ಡ ಹೆಡ್‌ಫೋನ್ ಇದ್ದರೆ ಲೆಕ್ಕ ಸ್ವಲ್ಪ ಬೇರೆ. ಸಾಮಾನ್ಯ ಹೆಡ್‌ಫೋನ್ 32 ಓಮ್ ಆಸುಪಾಸು, ಯಾವ ಜಾಕಿಗೆ ಹಾಕಿದರೂ ಕೂಗುತ್ತದೆ. 250, 300 ಓಮ್‌ನದಾದರೆ ಬೋರ್ಡಿನ ಜಾಕ್ ಸೋತು ಸಣ್ಣ ದನಿ ಬರುತ್ತದೆ, ಆಗ ಆಂಪ್ ಇರುವ ಕಾರ್ಡೋ ಡ್ಯಾಕೋ ಬೇಕು. ನಿಮ್ಮದು ಸ್ಪೀಕರ್, ಈ ಚಿಂತೆ ಬೇಡ.

ಈಗ ಕ್ಯಾಸೆಟ್ ವಿಷಯ. ನಾನು ತಂದ ಆ ಕಾರ್ಡ್ ಕೊನೆಗೂ ಕೆಲಸಕ್ಕೆ ಬಂದದ್ದು ಇಲ್ಲೇ. ಬೋರ್ಡಿನ ಚಿಪ್ಪುಗಳು ಸದ್ದನ್ನು ಹೊರಗೆ ಕೊಡುವುದರಲ್ಲಿ ಚೆನ್ನಾಗಿ ಸುಧಾರಿಸಿವೆ, ಒಳಗೆ ತಗೊಳ್ಳುವುದರಲ್ಲಿ ಅಷ್ಟಿಲ್ಲ. ಒಂದೇ ಚಿಪ್ಪಿನ ವಿವರಪಟ್ಟಿಯಲ್ಲೂ ರೆಕಾರ್ಡಿಂಗ್ ಅಂಕಿ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಂತೂ ಲೈನ್ ಇನ್, ಅಂದರೆ ಟೇಪಿನಂಥ ಸಾಧನದ ಸದ್ದನ್ನು ಒಳಗೆ ತಗೊಳ್ಳುವ ಜಾಕೇ ಸಾಮಾನ್ಯವಾಗಿ ಇರುವುದಿಲ್ಲ. ಹೊರಗೆ ಬರುವ ಸದ್ದಿಗಿಂತ ಒಳಗೆ ಹೋಗುವ ಸದ್ದಿಗೆ ದುಡ್ಡು ಹಾಕಿದರೆ ಕಿವಿಗೆ ಫರಕು ಗೊತ್ತಾಗುತ್ತದೆ ಅನ್ನುವುದು ನನ್ನ ಅನುಭವ.

ನಮ್ಮ ಅಪ್ಪನ ಹತ್ತಿರ ತಾಳಮದ್ದಳೆಯ ಕ್ಯಾಸೆಟ್‌ಗಳಿದ್ದವು. ದೇವಸ್ಥಾನದ ಜಗಲಿಯಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಮೊದಲು ಬೋರ್ಡಿನ ಗುಲಾಬಿ ಜಾಕಿಗೆ ಹಾಕಿ ಇಳಿಸಿದೆ. ಗುಲಾಬಿ ಮೈಕಿನದು, ಮೈಕಿನ ಸಣ್ಣ ದನಿಯನ್ನು ಹಿಗ್ಗಿಸುವುದೇ ಅದರ ಕೆಲಸ. ಟೇಪಿನ ಜೋರು ದನಿ ಅಲ್ಲಿ ಒಡೆದು ಹೋಯಿತು. ನೀಲಿ ಜಾಕ್ ಲೈನ್ ಇನ್, ಟೇಪ್ ಹೋಗಬೇಕಾದ್ದು ಅಲ್ಲಿಗೆ. ಕಾರ್ಡಿನ ನೀಲಿ ಜಾಕಿಗೆ ಹಾಕಿದ ಮೇಲೆ, ಅರ್ಥಧಾರಿ ಮಾತು ನಿಲ್ಲಿಸಿದಾಗ ಹಿಂದೆ ಮಳೆ ಸುರಿಯುವುದು ಕೇಳಿತು. ಅಲ್ಲಿಯತನಕ ಅದನ್ನು ಟೇಪಿನ ಸುಯ್ ಅಂದುಕೊಂಡಿದ್ದೆ.

ಚೆಂಡೆ ಮಾತ್ರ ಮೋಸ ಮಾಡುತ್ತದೆ. ಭಾಗವತರ ಪದ ಕೇಳಿಕೊಂಡು ಲೆವೆಲ್ ಸರಿ ಇದೆ ಅಂದುಕೊಂಡಿರುತ್ತೀರಿ, ಒಂದು ಏಟಿಗೆ ಮುಳ್ಳು ಕೆಂಪಿಗೆ ಹೋಗುತ್ತದೆ. ಒಮ್ಮೆ ಒಡೆದ ಸದ್ದು ಸರಿಯಾಗುವುದಿಲ್ಲ. ಚೆಂಡೆ ಇರುವ ಭಾಗ ಮೊದಲು ಹಾಕಿ ನೋಡಿ, ಅತಿ ಜೋರಿನ ಏಟೂ ಲೆವೆಲ್ ಮೀಟರಿನ ತುದಿಯ ಸೊನ್ನೆಗಿಂತ ಆರೇಳು ಡೆಸಿಬಲ್ ಕೆಳಗೆ ಇರುವಂತೆ ಇಡಿ. ಆಡಾಸಿಟಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಸಾಕು. 24 ಬಿಟ್‌ನಲ್ಲಿ ಹಿಡಿದರೆ ಲೆವೆಲ್ ಕೆಳಗಿಟ್ಟರೂ ನಷ್ಟವಿಲ್ಲ. ಸಿ.ಡಿ. ಗುಣಮಟ್ಟದಲ್ಲಿ ಉಳಿಸಿದರೆ 90 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 950 ಎಂಬಿ ಆಗುತ್ತದೆ, ಈಗಿನ ಕಾಲಕ್ಕೆ ಅದೇನು ದೊಡ್ಡದಲ್ಲ.

ಟೇಪ್ ರೆಕಾರ್ಡರಿನ ಹೆಡ್ಡನ್ನು ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಹೆಡ್ಡಿನ ಓರೆಯನ್ನು ಸರಿಪಡಿಸುವುದಕ್ಕೆ. ಟೇಪ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ತಾಳದ ದನಿ ಅತಿ ಚುರುಕಾಗಿ ಕೇಳುವ ಕಡೆ ಬಿಡಿ. ಬೇರೆ ಮೆಷಿನ್ನಿನಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟಿಗೆ ಈ ಸ್ಕ್ರೂ ಮಾಡುವಷ್ಟು ಉಪಕಾರ ಯಾವ ಕಾರ್ಡೂ ಮಾಡುವುದಿಲ್ಲ.

ನಾನಾಗಿದ್ದರೆ ಐದು ಸಾವಿರವನ್ನು ಹೀಗೆ ಹಂಚುತ್ತಿದ್ದೆ: ಮೊದಲು ಎಲೆಕ್ಟ್ರಿಷಿಯನ್. ಉಳಿದದ್ದರಲ್ಲಿ ಸ್ಟೀರಿಯೋ ಲೈನ್ ಇನ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ಸದ್ದನ್ನು ಒಳಗೂ ತಗೊಂಡು ಹೊರಗೂ ಕೊಡುವ ಹೊರಗಿನ ಡಬ್ಬಿ. ಕೊಳ್ಳುವಾಗ ‘ಸ್ಟೀರಿಯೋ’ ಅನ್ನುವುದನ್ನು ಒತ್ತಿ ಕೇಳಿ. ಅಗ್ಗದ ಯುಎಸ್‌ಬಿ ಕಡ್ಡಿಗಳಲ್ಲಿ ಸಾಮಾನ್ಯವಾಗಿ ಒಂದೇ ಕಿವಿಯ ಮೈಕ್ ಜಾಕ್ ಇರುತ್ತದೆ. ಒಳಗಿನ ಕಾರ್ಡೇ ಬೇಕು ಅಂದರೆ ಕ್ಯಾಬಿನೆಟ್ ಬಿಚ್ಚಿ, ಪಿಸಿಐ ಎಕ್ಸ್‌ಪ್ರೆಸ್‌ನ ಸಣ್ಣ ಸ್ಲಾಟ್ ಖಾಲಿ ಇದೆಯಾ, ಗ್ರಾಫಿಕ್ಸ್ ಕಾರ್ಡ್ ಅದರ ಮೇಲೆ ಮಲಗಿಲ್ಲ ತಾನೇ ನೋಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ನನ್ನ ಹಾಗೆ ಎರಡು ಸಲ ಬಸ್ಸು ಹತ್ತುವುದು ಬೇಡ.