ಹೊಸ ಕ್ರೌನ್-ಪಿನಿಯನ್ ಕೂರಿಸಿದ ಮೇಲೆ ಗೇರ್ ಆಯಿಲ್ ಬದಲಾವಣೆ ಯಾವಾಗ?

ಪ್ರಶ್ನೆ: ನಮ್ಮ ತೋಟದ ಬೊಲೆರೊದ ಹಿಂದಿನ ಆಕ್ಸಲ್ ಪೂರ್ತಿ ಬಿಚ್ಚಿಸಿ, ಹೊಸ ಕ್ರೌನ್-ಪಿನಿಯನ್ (ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳ ಕಡೆಗೆ ತಿರುಗಿಸುವ ಗೇರ್ ಜೋಡಿ), ಬೇರಿಂಗ್ ಮತ್ತು ಆಯಿಲ್ ಸೀಲ್‌ಗಳನ್ನು ಹಾಕಿಸಿ, ಹೊಸ ಗೇರ್ ಆಯಿಲ್ ತುಂಬಿಸಿದ್ದೇವೆ. 800 ಕಿ.ಮೀ. ಓಡಿದ ಕೂಡಲೇ ಅದನ್ನು ತೆಗೆದು ಮತ್ತೆ ಹೊಸದನ್ನು ಹಾಕಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಆಯಿಲ್ ಅಷ್ಟು ಬೇಗ ಕೆಡುತ್ತದೆಯೇ? ಗೇರ್‌ಬಾಕ್ಸ್‌ಗೆಂದು ತಂದು ಉಳಿದಿರುವ ಆಯಿಲನ್ನೇ ಇದಕ್ಕೂ ಬಳಸಬಹುದೇ? ಕಾಫಿ ಕೊಯ್ಲು ಹತ್ತಿರವಿದೆ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ದಯವಿಟ್ಟು ಅದನ್ನು ಪಾಲಿಸಿ. 800 ಕಿ.ಮೀ.ಗೆ ಗೇರ್ ಆಯಿಲ್ ಕೆಡುವುದಿಲ್ಲವೆಂಬುದು ನಿಜ. ಆದರೆ ಈ ಮೊದಲ ಬದಲಾವಣೆಯ ಉದ್ದೇಶ ಆಯಿಲಿನಲ್ಲಿ ಸೇರಿದ ಲೋಹದ ಪುಡಿಯನ್ನು ಹೊರಹಾಕುವುದು. ಇಲ್ಲಿ ಎಂಜಿನ್ನಿನಲ್ಲಿರುವಂತೆ ಫಿಲ್ಟರ್ ಇಲ್ಲದ ಕಾರಣ, ಹೌಸಿಂಗ್ (ಆಕ್ಸಲ್‌ನ ಹೊರಕವಚ) ಒಳಗೆ ಸೇರಿದ ಕಣ ಆಯಿಲಿನೊಂದಿಗೆ ತಿರುತಿರುಗಿ ಹೊಸ ಬೇರಿಂಗ್‌ಗಳ ನಡುವೆಯೇ ಹಾದುಹೋಗುತ್ತಿರುತ್ತದೆ.

ಈ ಬಗೆಯ ಆಕ್ಸಲ್‌ನಲ್ಲಿ ಪಿನಿಯನ್ ಇರುವುದು ಕ್ರೌನ್ ಗೇರಿನ ನಡುಮಟ್ಟಕ್ಕಿಂತ ಕೆಳಗೆ. ಇದನ್ನು ಹೈಪಾಯ್ಡ್ ಜೋಡಣೆ ಎನ್ನುತ್ತಾರೆ. ಅದರಿಂದಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೂ ಉಜ್ಜುತ್ತಾ ಜಾರುತ್ತವೆ. ಹೊಸ ಹಲ್ಲುಗಳ ಮೇಲಿನ, ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು ಹೀಗೆ ಉಜ್ಜಿ ಸಮವಾಗುವಾಗ ನಯವಾದ ಪುಡಿ ಉದುರುತ್ತದೆ, ಶಾಖವೂ ಹೆಚ್ಚುತ್ತದೆ. ಹಳೆಯ ಬೇರಿಂಗ್ ಒಡೆದಿದ್ದರೆ ಅದರ ಚೂರುಗಳು ಆಕ್ಸಲ್ ಕೊಳವೆಗಳ ತುದಿಯಲ್ಲಿ ಉಳಿದಿರಬಹುದು. ಹೌಸಿಂಗ್ ತೊಳೆದ ಡೀಸೆಲ್ ಪೂರ್ತಿ ಬಸಿಯದಿದ್ದರೆ ಅದೂ ಹೊಸ ಆಯಿಲಿಗೆ ಸೇರಿ ಅದನ್ನು ತೆಳುವಾಗಿಸುತ್ತದೆ.

ನನಗೆ ಹೆಚ್ಚು ಆತಂಕವಿರುವುದು ನಿಮ್ಮ ಕೊಯ್ಲಿನ ಬಗ್ಗೆ. ಹಲ್ಲುಗಳು ಇನ್ನೂ ಒಂದಕ್ಕೊಂದು ಹೊಂದಿಕೊಳ್ಳದಿರುವಾಗ ಕಾಫಿ ಮೂಟೆ ತುಂಬಿಕೊಂಡು ಏರು ಹತ್ತಿಸಿದರೆ, ಆಯಿಲಿನ ಪದರ ಕಿತ್ತುಹೋಗುವಷ್ಟು ಶಾಖ ಹುಟ್ಟಿ ಹಲ್ಲಿನ ಮೈ ಸುಟ್ಟು ಗೀರು ಬೀಳಬಹುದು, ಆ ಹಾನಿಯನ್ನು ಮುಂದೆ ಯಾವ ಆಯಿಲೂ ಸರಿಪಡಿಸಲಾರದು. ಆದ್ದರಿಂದ ಮೊದಲ ದಿನ ಖಾಲಿ ವಾಹನವನ್ನು ಹದವಾದ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಿಸಿ, ಹೌಸಿಂಗ್ ಪೂರ್ತಿ ತಣ್ಣಗಾಗುವವರೆಗೆ ನಿಲ್ಲಿಸಿ. ಇದನ್ನು ಕೆಲವು ಬಾರಿ ಪುನರಾವರ್ತಿಸಿ. ಮೊದಲ ಆಯಿಲ್ ಬದಲಾವಣೆ ಮುಗಿಯುವವರೆಗೂ ಭಾರದ ಲೋಡ್ ಬೇಡ. ಕೊಯ್ಲಿಗೆ ಅಷ್ಟರಲ್ಲಿ ಬೇರೆ ವಾಹನವನ್ನು ಬಾಡಿಗೆಗೆ ಹಿಡಿದರೂ ಅದು ಇನ್ನೊಂದು ಕ್ರೌನ್-ಪಿನಿಯನ್ ಜೋಡಿಗಿಂತ ಅಗ್ಗ.

ಗೇರ್‌ಬಾಕ್ಸ್ ಆಯಿಲಿನ ಡಬ್ಬಿಯ ಮೇಲೆ ಜಿಎಲ್-4 (ಗೇರ್ ಆಯಿಲಿನ ಒಂದು ದರ್ಜೆ) ಎಂದಿದ್ದರೆ ಅದನ್ನು ಇಲ್ಲಿ ಬಳಸಬೇಡಿ. ಹೈಪಾಯ್ಡ್ ಹಲ್ಲುಗಳ ಒತ್ತಡ ತಡೆಯಲು ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚಾಗಿರುವ ಜಿಎಲ್-5 ದರ್ಜೆಯೇ ಬೇಕು. ಆಯಿಲಿನ ದಪ್ಪ (ಸ್ನಿಗ್ಧತೆ) 80ಡಬ್ಲ್ಯೂ-90 ಇರಬೇಕೋ ಬೇರೆಯೋ ಎಂಬುದನ್ನು ವಾಹನದ ಕೈಪಿಡಿ ನೋಡಿ ನಿರ್ಧರಿಸಿ. ಆಕ್ಸಲ್‌ಗೆಂದು ತಂದು ಉಳಿದ ಜಿಎಲ್-5 ಅನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೂ ಹಾಕಬಾರದು, ಏಕೆಂದರೆ ಅದೇ ಸಂಯುಕ್ತಗಳು ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳನ್ನು ತಿನ್ನಬಹುದು.

ಬದಲಿಸುವ ದಿನ ವಾಹನವನ್ನು ಸ್ವಲ್ಪ ಓಡಿಸಿ, ಆಯಿಲ್ ಬೆಚ್ಚಗಿರುವಾಗಲೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್ ಪ್ಲಗ್‌ಗೆ ಸ್ಪ್ಯಾನರ್ ಹಾಕಿ. ಕೆಳಗಿನಿಂದ ಎಲ್ಲ ಸುರಿದ ಮೇಲೆ ಮೇಲಿನದು ಕಚ್ಚಿಕೊಂಡು ಬಾರದಿದ್ದರೆ ತುಂಬಲು ದಾರಿಯೇ ಇರುವುದಿಲ್ಲ. ಬಂದ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಗ್‌ನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಬೂದು ಬಣ್ಣದ ನುಣುಪಾದ ಪೇಸ್ಟ್ ಅಂಟಿರುವುದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮತ್ತೆ ಬಿಚ್ಚಿಸಬೇಕು. ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಹೊಕ್ಕಿದೆ, ಬ್ರೀದರ್ (ಆಕ್ಸಲ್‌ನ ಗಾಳಿಕಿಂಡಿ) ಮತ್ತು ಸೀಲ್‌ಗಳನ್ನು ಪರೀಕ್ಷಿಸಿ. ಹೊಸ ಆಯಿಲನ್ನು ಫಿಲ್ಲರ್ ರಂಧ್ರದ ಕೆಳ ಅಂಚಿನವರೆಗೆ ತುಂಬಿ. ಆಯಿಲ್ ಆಕ್ಸಲ್ ಕೊಳವೆಗಳಿಗೂ ಹರಡುವುದರಿಂದ ಒಂದೆರಡು ಕಿಲೋಮೀಟರ್ ಓಡಿಸಿ, ಕೆಲ ನಿಮಿಷ ನಿಲ್ಲಿಸಿ, ಮಟ್ಟವನ್ನು ಮತ್ತೊಮ್ಮೆ ನೋಡಿ.

ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ ಹಿಂದಿನಿಂದ ಕುಂಯ್‌ಗುಟ್ಟುವ ಸದ್ದು ಬಂದರೆ, ಅದನ್ನು ಅಡಗಿಸಲು ದಪ್ಪನೆಯ 140 ಆಯಿಲ್ ಹಾಕಿಸಬೇಡಿ. ಹಲ್ಲುಗಳು ಕೂಡುವ ಜಾಗ ಅಥವಾ ಪಿನಿಯನ್ ಬೇರಿಂಗ್‌ನ ಬಿಗಿ ಸರಿಯಿಲ್ಲವೆಂಬುದಕ್ಕೆ ಆ ಸದ್ದು ಸೂಚನೆಯಾಗಿರಬಹುದು, ಅಳತೆ ಮಾಡಿ ಸರಿಪಡಿಸುವ ಹೊಣೆ ಜೋಡಿಸಿದವರದ್ದೇ.

ತೆಗೆದ ಆಯಿಲನ್ನು ಬೇಲಿ ಕಂಬಗಳಿಗೆ ಬಳಿಯುವ ರೂಢಿ ನಿಮ್ಮ ಕಡೆಯೂ ಇದೆ. ಅದು ಮಳೆಗೆ ತೊಳೆದು ಹಳ್ಳ ಸೇರುತ್ತದೆ. ಕ್ಯಾನಿನಲ್ಲಿ ತುಂಬಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಸಂಸ್ಕರಣಕಾರರಿಗೆ ಆಯಿಲ್ ಕೊಡುವ ವರ್ಕ್‌ಶಾಪಿಗೆ ತಲುಪಿಸಿ.