ಗುಡ್ಡೆಯಲ್ಲಿ ಸುರಿದ ಕ್ಯಾನುಗಳಿಗೆ ಯಾರು ಹೊಣೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ಮನೆಯ ಮೇಲಿನ ಗುಡ್ಡೆಯಲ್ಲಿ ಯಾರೋ ರಾತ್ರಿ ಬಂದು ಅವಧಿ ಮುಗಿದ ಕೀಟನಾಶಕದ ಇಪ್ಪತ್ತರಷ್ಟು ಕ್ಯಾನು ಸುರಿದು ಹೋಗಿದ್ದಾರೆ. ಕೆಲವು ಒಡೆದು ಸೋರುತ್ತಿವೆ. ಕೆಳಗೆ ಎರಡು ಮನೆಗಳಿಗೆ ಕುಡಿಯುವ ನೀರಿನ ಸುರಂಗ (ಗುಡ್ಡೆಗೆ ಅಡ್ಡವಾಗಿ ತೋಡಿದ ಬಾವಿ) ಇದೆ. ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸುತ್ತಿದೆ. "ಸಿಕ್ಕಿಬಿದ್ದರೂ ಐನೂರೋ ಸಾವಿರವೋ ದಂಡ ಕಟ್ಟಿ ಹೋಗುತ್ತಾರೆ. ದೂರು ಕೊಟ್ಟು ಏನು ಪ್ರಯೋಜನ?"

ಪ್ರಯೋಜನ ಖಂಡಿತ ಇದೆ. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ದಂಡ ಐನೂರಲ್ಲ, ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗೆ. ಆದರೆ ಆ ದಂಡ ಒಬ್ಬನ ತಲೆಗೆ ಬರಬೇಕಾದರೆ ಕ್ಯಾನು ಯಾರದು ಎಂದು ತೋರಿಸಬೇಕು. ಆ ಪುರಾವೆ ಈಗ ನಿಮ್ಮ ಗುಡ್ಡೆಯಲ್ಲಿ ಬಿದ್ದಿದೆ, ಒಂದು ದೊಡ್ಡ ಮಳೆ ಬಂದರೆ ಅಳಿಸಿಹೋಗುತ್ತದೆ.

ಮೊದಲು ಸುರಂಗದ ನೀರು ಕುಡಿಯುವುದನ್ನು ನಿಲ್ಲಿಸಿ. ಕುದಿಸಿದರೆ ವಿಷ ಹೋಗುವುದಿಲ್ಲ. ಕ್ಯಾನುಗಳನ್ನು ಮುಟ್ಟಬೇಡಿ, ಸುಡಬೇಡಿ, ನೀರು ಹಾಕಿ ತೊಳೆಯಬೇಡಿ. ಸೋರಿದ ಕಡೆ ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತು ಒಣಮಣ್ಣು ಹರಡಿ, ಟಾರ್ಪಾಲು ಮುಚ್ಚಿ, ಮೇಲ್ಭಾಗದಲ್ಲಿ ಒಂದು ಕಣಿ ತೋಡಿ ಮಳೆನೀರನ್ನು ಬೇರೆ ಕಡೆಗೆ ತಿರುಗಿಸಿ.

ಟಾರ್ಪಾಲು ಮುಚ್ಚುವ ಮೊದಲು ಲೇಬಲ್ಲಿನ ಫೋಟೊ ತೆಗೆಯಿರಿ. ಲೇಬಲ್ಲಿನ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ತ್ರಿಕೋನ ಕೆಂಪಾದರೆ ಅತಿ ಘೋರ ವಿಷ, ನಂತರ ಹಳದಿ, ನೀಲಿ, ಹಸಿರು. ಬಣ್ಣಕ್ಕಿಂತಲೂ ನಿಮಗೆ ಮುಖ್ಯವಾದದ್ದು ಅದರ ಹತ್ತಿರ ಸಣ್ಣ ಅಕ್ಷರದಲ್ಲಿರುವ ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ. ಬ್ಯಾಚ್ ಸಂಖ್ಯೆ ಸಿಕ್ಕಿದರೆ ತಯಾರಕರ ಬಿಲ್ಲಿನಿಂದ ವಿತರಕ, ವಿತರಕನಿಂದ ಅಂಗಡಿ ಎಂದು ಹಿಂದೆ ಹಿಂದೆ ಹೋಗಬಹುದು. ಕೀಟನಾಶಕ ನಿಯಮಗಳ ಪ್ರಕಾರ ಅಂಗಡಿಯವರು ಅವಧಿ ಮುಗಿದ ಮಾಲನ್ನು 'ಮಾರಾಟಕ್ಕಲ್ಲ' ಎಂದು ಮುದ್ರೆ ಒತ್ತಿ, ಫಲಕ ಹಾಕಿದ ಪ್ರತ್ಯೇಕ ಜಾಗದಲ್ಲಿಡಬೇಕು. ದಾಸ್ತಾನು ಪುಸ್ತಕದಲ್ಲಿ ಇರುವ ಮಾಲು ಅಲ್ಲಿ ಕಾಣದಿದ್ದರೆ ಅದು ಎಲ್ಲಿ ಹೋಯಿತೆಂದು ಅವರೇ ಹೇಳಬೇಕಾಗುತ್ತದೆ.

ಈ ದಾರಿಯನ್ನೇ ಒತ್ತಿ ಹೇಳಲು ಕಾರಣವಿದೆ. 1968ರ ಕೀಟನಾಶಕ ಕಾಯ್ದೆಯಲ್ಲಿ ಕೀಟನಾಶಕ ನಿರೀಕ್ಷಕರು ಗುಣಮಟ್ಟ ನೋಡಲು ತೆಗೆದ ಮಾದರಿಯನ್ನು ಮೂರು ಪಾಲು ಮಾಡುತ್ತಾರೆ: ಒಂದು ಅಂಗಡಿಯವರಿಗೆ, ಒಂದು ವಿಶ್ಲೇಷಕರಿಗೆ, ಒಂದು ನ್ಯಾಯಾಲಯಕ್ಕೆ. ವರದಿ ಒಪ್ಪದವರು 28 ದಿನದೊಳಗೆ ತಿಳಿಸಿ ಮರುಪರೀಕ್ಷೆ ಕೇಳಬಹುದು. ಅಷ್ಟರಲ್ಲಿ ಮಾಲಿನ ಅವಧಿ ಮುಗಿದರೆ ಮರುಪರೀಕ್ಷೆಯ ಹಕ್ಕು ತಪ್ಪಿತೆಂದು ಮೊಕದ್ದಮೆ ಬಿದ್ದುಹೋಗುತ್ತದೆ. ನಿಮ್ಮ ಕ್ಯಾನುಗಳ ಅವಧಿ ಈಗಾಗಲೇ ಮುಗಿದಿದೆ, ಗುಣಮಟ್ಟದ ಕೇಸು ಹಾಕಿ ಫಲವಿಲ್ಲ.

ಇನ್ನು ಕಚೇರಿಯ ವಿಚಾರ. ಅವಧಿ ಮುಗಿದ ಕೀಟನಾಶಕ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಒಂದನೇ ಅನುಸೂಚಿಯಲ್ಲೇ ಇದೆ. ಆದ್ದರಿಂದ ಮುಖ್ಯ ದೂರು ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಸರಗೋಡು ಜಿಲ್ಲಾ ಕಚೇರಿಗೆ. ಅದರ ಒಂದೊಂದು ಪ್ರತಿ ಕೃಷಿಭವನಕ್ಕೂ ಜಿಲ್ಲಾಧಿಕಾರಿಗೂ ಕೊಡಿ. ಕನ್ನಡದಲ್ಲೇ ಬರೆಯಿರಿ, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮ್ಮ ಜಿಲ್ಲೆಯ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ. ಲೇಬಲ್ಲಿನ ಸಂಖ್ಯೆಗಳನ್ನು ಮಾತ್ರ ಇದ್ದ ಹಾಗೆಯೇ ನಕಲು ಮಾಡಿ. ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿ ನಿಮ್ಮಲ್ಲಿರಲಿ. ಪೊಲೀಸರಿಗೂ ದೂರು ಕೊಡಬಹುದು, ವಿಷವಸ್ತುವಿನ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 286ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ ಐದು ಸಾವಿರದವರೆಗೆ ದಂಡ, ಅಥವಾ ಎರಡೂ ಇದೆ. ಅದನ್ನೊಂದನ್ನೇ ನಂಬಿ ಕೂರಬೇಡಿ.

ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಐದು ವರ್ಷದವರೆಗೆ ಜೈಲಿತ್ತು. 2024ರ ಏಪ್ರಿಲ್ 1ರಿಂದ ಅದರ ಬದಲು ನಾನು ಮೇಲೆ ಹೇಳಿದ ದಂಡ ಬಂದಿದೆ. ತಪ್ಪು ಮುಂದುವರಿದರೆ ದಿನಕ್ಕೆ ಹತ್ತು ಸಾವಿರ ಹೆಚ್ಚುವರಿ. 90 ದಿನದೊಳಗೆ ಕಟ್ಟದಿದ್ದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡದ ಎರಡರಷ್ಟು ಮೊತ್ತ, ಅಥವಾ ಎರಡೂ. ಜೈಲಿನ ಭಯ ಹಿಂದೆ ಸರಿದದ್ದು ನನಗೆ ಹಿಡಿಸಿಲ್ಲ. ಆದರೂ ವರ್ಷಗಟ್ಟಲೆ ಕೋರ್ಟಿಗೆ ಅಲೆಯದೆ ನಿರ್ಣಯಾಧಿಕಾರಿಯೇ ವಿಚಾರಣೆ ನಡೆಸಿ ದಂಡ ಹಾಕಬಹುದೆಂಬುದು ನಿಮ್ಮಂಥವರಿಗೆ ಅನುಕೂಲವೇ.

ಮಾಲು ಕರ್ನಾಟಕದ ಗಡಿಯ ತಲಪಾಡಿಯ ಆಚೆಯಿಂದ ಬಂದಿರಬಹುದೆಂಬ ಸಂಶಯವನ್ನೂ ನೀವು ಬರೆದಿದ್ದೀರಿ. ಅಂಗಡಿಯ ಪರವಾನಗಿ ಕರ್ನಾಟಕದ್ದಾದರೆ ಅದರ ತನಿಖೆ ಅಲ್ಲಿನ ಕೃಷಿ ಇಲಾಖೆಯದ್ದು, ಅಲ್ಲಿಗೂ ಒಂದು ಪ್ರತಿ ಕಳಿಸಿ. ಪರಿಸರ ಕಾಯ್ದೆ ಮಾತ್ರ ಕೇಂದ್ರದ್ದು, ಗಡಿ ದಾಟಿದರೆ ಬಿಟ್ಟುಹೋಗುವುದಿಲ್ಲ. ವಿಲೇವಾರಿಗೆಂದು ಇಂಥ ತ್ಯಾಜ್ಯವನ್ನು ಬೇರೆ ರಾಜ್ಯಕ್ಕೆ ಒಯ್ಯಬೇಕಾದರೆ ಎರಡೂ ಮಂಡಳಿಗಳ ನಿರಾಕ್ಷೇಪಣೆ ಪತ್ರ ಬೇಕು, ಲಾರಿಯಲ್ಲಿ ಸಾಗಾಟ ಚೀಟಿ ಇರಬೇಕು.

ನೀರಿನ ಮಾದರಿಯನ್ನು ಮಂಡಳಿಯವರೇ ತೆಗೆಯಬೇಕು. ನೀವು ಮಿನರಲ್ ನೀರಿನ ಬಾಟಲಿಯಲ್ಲಿ ತುಂಬಿಕೊಂಡು ಹೋದರೆ ಪ್ಲಾಸ್ಟಿಕ್ ವಿಷವನ್ನು ಹೀರಿಕೊಂಡು ಫಲಿತಾಂಶ ಕಡಿಮೆ ಬರಬಹುದು. ಕಂದು ಗಾಜಿನ ಬಾಟಲಿ, ಬಾಯಿತನಕ ನೀರು, ಮಂಜುಗಡ್ಡೆಯ ಪೆಟ್ಟಿಗೆ ತಂದಿದ್ದಾರೆಯೇ ನೋಡಿ, ಇಲ್ಲದಿದ್ದರೆ ಕೇಳಿ.

ಪರಿಹಾರ ಬೇರೆ ದಾರಿ. ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠಕ್ಕೆ ಐದು ವರ್ಷದೊಳಗೆ ಅರ್ಜಿ ಹಾಕಬಹುದು. ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಲು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ರಾಜ್ಯ ಸರಕಾರಕ್ಕೆ. ನಿಮ್ಮ ಪ್ರಕರಣದಲ್ಲಿ ಸುರಿದವನ ಕೈಯಿಂದಲೇ ಬರಬೇಕಾದರೆ ಬ್ಯಾಚ್ ಸಂಖ್ಯೆ ಬೇಕೇ ಬೇಕು.

ಕ್ಯಾನುಗಳನ್ನು ಒಯ್ಯುವ ದಿನ ಪಂಚಾಯತು ಸದಸ್ಯರನ್ನು ಕರೆದುಕೊಂಡು ನೀವು ಅಲ್ಲಿರಿ. ಮಹಜರಿನಲ್ಲಿ ಬರೆದ ಎಣಿಕೆ ನಿಮ್ಮ ಎಣಿಕೆಗೆ ತಾಳೆಯಾಗದಿದ್ದರೆ, ವ್ಯತ್ಯಾಸವನ್ನು ಅದರಲ್ಲೇ ಬರೆಸಿ ಆಮೇಲೆ ಸಹಿ ಹಾಕಿ.